ಮಗುವೆಂದು ಬರೆದ ವರದಿ

1950ರಲ್ಲಿ ತನ್ನ ನೆಲದಲ್ಲಿಯೇ, ರಿಯೊ ನಗರದ ಮರಕಾನ ಕ್ರೀಡಾಂಗಣದಲ್ಲಿ ಉರುಗ್ವೆಗೆ 2-1ರಿಂದ ಸೋತ ದುಃಖವನ್ನು ಬ್ರೆಜಿಲ್ ಬಹುಕಾಲ ಮರೆಯಲಿಲ್ಲ. ಕಾಲಿನಲ್ಲಿ ಚಳಕವಿದ್ದರೇನು, ಎದೆಯಲ್ಲಿ ಕೆಚ್ಚಿಲ್ಲವಲ್ಲ ಎಂದು ಜನ ಆಡಿಕೊಂಡರು. ಹೀಗಾಗಿ 1958ರ ವಿಶ್ವಕಪ್ ಫುಟ್‌ಬಾಲಿಗೆಂದು ಸ್ವೀಡನ್ನಿಗೆ ಹೊರಟ ತಂಡದೊಡನೆ ಮನಶ್ಶಾಸ್ತ್ರಜ್ಞರೊಬ್ಬರೂ ಇದ್ದರು. ಅವರೇ ಜೊವಾವ್ ಕಾರ್ವಲ್ಯಾಯ್ಸ್. ಸಾವೊ ಪಾಲೊ ನಗರದ ಬಸ್ಸು ಚಾಲಕರ ಮನೋಧರ್ಮವನ್ನು ಪರೀಕ್ಷಿಸಿ ಪಳಗಿದವರು.

ಆಟಗಾರರಿಗೆ ಪ್ರಶ್ನೆಗಳನ್ನು ಕೇಳಿದ್ದಲ್ಲದೆ, ಮನುಷ್ಯರ ಚಿತ್ರಗಳನ್ನೂ ಅವರಿಂದ ಬರೆಯಿಸಿದರು. ವರದಿ ಸಿದ್ಧವಾಯಿತು. ಹದಿನೇಳರ ಹರೆಯದ ಪೆಲೆ ಇನ್ನೂ ಮಗು. ಹೋರಾಟದ ಛಲವಿಲ್ಲ, ತಂಡದ ಹೊಣೆಯನ್ನರಿಯ. ಡೊಂಕುಗಾಲಿನ ಗರಿಂಚನೂ ತಕ್ಕವನಲ್ಲ! ಬಸ್ಸು ಚಾಲಕನು ಅಪಾಯವನ್ನು ಕಂಡೊಡನೆ ತಡೆಯೊತ್ತಬೇಕು, ನಿಜ. ಆದರೆ ಎದುರಾಳಿಗಳ ಗುಂಪಿನೊಳಕ್ಕೇ ನುಗ್ಗುವುದು ಗರಿಂಚನ ಕಸುಬಲ್ಲವೆ?

ತರಬೇತುದಾರ ವಿಸೆಂಟೆ ಫಿಯೊಲಾ ವರದಿಯನ್ನು ಅಲ್ಲಗಳೆಯಲಿಲ್ಲ. ತಾವು ಹೇಳುವುದು ಸರಿಯಿರಬಹುದು, ಆದರೆ ತಮಗೆ ಫುಟ್‌ಬಾಲ್ ತಿಳಿಯದು, ಮೊಣಕಾಲಿನ ನೋವು ವಾಸಿಯಾದರೆ ಪೆಲೆ ಆಡಿಯೇ ಆಡುತ್ತಾನೆ ಎಂದರಂತೆ. ಇದನ್ನು ಪೆಲೆಯೇ ಮುಂದೆ ತನ್ನ ಆತ್ಮಕಥೆಯಲ್ಲಿ ನೆನೆದಿದ್ದಾನೆ.

ಮೊದಲೆರಡು ಪಂದ್ಯಗಳಲ್ಲಿ ಇಬ್ಬರೂ ಆಡಲಿಲ್ಲ. ಮೂರನೆಯದರಲ್ಲಿ ಸೋವಿಯತ್ ತಂಡದೆದುರು ಇಬ್ಬರೂ ಕಣಕ್ಕಿಳಿದರು. ಬ್ರೆಜಿಲ್ 2-0ರಿಂದ ಗೆದ್ದಿತು. ಜೂನ್ 29ರಂದು ಸ್ಟಾಕ್‌ಹೋಮಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಸ್ವೀಡನ್ನನ್ನು 5-2ರಿಂದ ಮಣಿಸಿದಾಗ ಪೆಲೆಯದು ಎರಡು ಗೋಲು. ವಾವಾ ಹೊಡೆದ ಎರಡಕ್ಕೂ ಬಲಬದಿಯಿಂದ ಚೆಂಡನ್ನು ಒದಗಿಸಿದವನು ಗರಿಂಚ.

ಆದರೂ ಮನಶ್ಶಾಸ್ತ್ರಜ್ಞರ ಒಂದು ಮಾತು ಪೂರ್ತಿ ಸುಳ್ಳಾಗಲಿಲ್ಲ. ಆಟ ಮುಗಿದೊಡನೆ ಪೆಲೆ, ಗೋಲ್‌ಕೀಪರ್ ಗಿಲ್ಮರನ ಎದೆಗೆ ಮುಖವಾನಿಸಿ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತನು.