ಒಂದು ವಾಟ್‌ನ ಬಾನುಲಿ

ರಾತ್ರಿ ಹೊತ್ತು ಕೋಣೆಯ ಮೂಲೆಯಲ್ಲಿ ಉರಿಸುವ ಪುಟ್ಟ ಎಲ್‌ಇಡಿ ದೀಪ ಬಳಸುವಷ್ಟು ಶಕ್ತಿಯನ್ನು ಗಾಳಿಗೆ ಬಿಟ್ಟು ಒಂದು ರೇಡಿಯೊ ಕೇಂದ್ರ ನಡೆಸಬಹುದು. ನ್ಯೂಜಿಲೆಂಡಿನಲ್ಲಿ ಹಾಗೆ ನಡೆಸುವವರಿದ್ದಾರೆ. ಅವರು ಹಾಡು ಹಾಕಬಹುದು, ಊರಿನ ಸುದ್ದಿ ಹೇಳಬಹುದು, ಎದುರು ಬೀದಿಯ ಬೇಕರಿಯ ಜಾಹೀರಾತು ಓದಿ ಅದಕ್ಕೆ ದುಡ್ಡನ್ನೂ ಪಡೆಯಬಹುದು. ಕಂಪನಾಂಕ ಬೇಕೆಂದು ಅವರು ಯಾವ ಕಚೇರಿಗೂ ಅರ್ಜಿ ಹಾಕಬೇಕಿಲ್ಲ, ಶುಲ್ಕ ಕಟ್ಟಬೇಕಿಲ್ಲ. ಹಾಗಿದ್ದೂ ಅದು ಕದ್ದು ನಡೆಸುವ ಕೇಂದ್ರವಲ್ಲ, ಪರವಾನಗಿ ಇರುವ ಕೇಂದ್ರವೇ.

ಅರ್ಜಿಯೇ ಹಾಕದವರಿಗೆ ಪರವಾನಗಿ ಎಲ್ಲಿಂದ ಬಂತು? ಅಲ್ಲಿನ ಸರ್ಕಾರ ‘ಸಾಮಾನ್ಯ ಬಳಕೆದಾರ ಪರವಾನಗಿ’ ಎಂಬ ಒಂದೇ ದಸ್ತಾವೇಜನ್ನು ಎಲ್ಲರಿಗೂ ಅನ್ವಯಿಸುವಂತೆ ಹೊರಡಿಸಿ ಇಟ್ಟಿದೆ. ಅದರ ಷರತ್ತುಗಳೊಳಗೆ ಇರುವ ಯಾರೇ ಆಗಲಿ, ಟ್ರಾನ್ಸ್‌ಮಿಟರಿನ ಸ್ವಿಚ್ ಹಾಕಿದಾಗಿನಿಂದ ಪರವಾನಗಿದಾರರು. ಷರತ್ತು ಮೀರಿದರೋ, ಆ ರಕ್ಷಣೆ ಅಲ್ಲಿಗೇ ಮುಗಿಯಿತು. ನಮ್ಮಲ್ಲೂ ಇಂಥದ್ದು ಇಲ್ಲವೆಂದಲ್ಲ. ಮನೆಯ ವೈಫೈ ಪೆಟ್ಟಿಗೆ, ಕಿವಿಯ ಬ್ಲೂಟೂತ್ ಎರಡೂ ರೇಡಿಯೊ ಟ್ರಾನ್ಸ್‌ಮಿಟರುಗಳೇ. ಆಯಾ ಕಂಪನಾಂಕ ಪಟ್ಟಿಗಳಿಗೆ ಪರವಾನಗಿಯಿಂದ ವಿನಾಯಿತಿ ಕೊಟ್ಟಿರುವುದರಿಂದ ಯಾರೂ ಅವಕ್ಕಾಗಿ ಕಚೇರಿ ಅಲೆಯುವುದಿಲ್ಲ. ನ್ಯೂಜಿಲೆಂಡು ಅಂಥದೇ ಸಲಿಗೆಯನ್ನು ಎಫ್‌ಎಂ ಪ್ರಸಾರದ ಒಂದು ಸಣ್ಣ ಪಾಲಿಗೂ ಕೊಟ್ಟಿತು.

ಈ ಉದಾರತೆ ಆ ದೇಶದ ಹುಟ್ಟುಗುಣವೇನಲ್ಲ. 1960ರ ದಶಕದಲ್ಲಿ ಅಲ್ಲಿ ರೇಡಿಯೊ ಎಂದರೆ ಸರ್ಕಾರದ ರೇಡಿಯೊ. ಖಾಸಗಿ ಕೇಂದ್ರಕ್ಕೆ ಅನುಮತಿ ಸಿಗದೆ ಬೇಸತ್ತ ಕೆಲವು ಯುವಕರು ‘ಟಿರಿ’ ಎಂಬ ಹಳೆಯ ಹಡಗಿನಲ್ಲಿ ಟ್ರಾನ್ಸ್‌ಮಿಟರ್ ಕೂರಿಸಿ, ದೇಶದ ಕಾನೂನು ತಲುಪದ ಕಡಲಿಗೆ ಒಯ್ದು, 1966ರ ಕೊನೆಗೆ ಪ್ರಸಾರ ಶುರು ಮಾಡಿದರು. ಆಕ್ಲೆಂಡ್ ಬಳಿಯ ಹೌರಾಕಿ ಕೊಲ್ಲಿಯ ಹೆಸರನ್ನೇ ಕೇಂದ್ರಕ್ಕಿಟ್ಟರು: ರೇಡಿಯೊ ಹೌರಾಕಿ. 1968ರ ಜನವರಿಯಲ್ಲಿ ಟಿರಿ ಗ್ರೇಟ್ ಬ್ಯಾರಿಯರ್ ದ್ವೀಪದ ಬಂಡೆಗಳಿಗೆ ಬಡಿದು ಹಾಳಾಯಿತು. ಅವರು ಇನ್ನೊಂದು ಹಡಗು ತಂದರು. 1970ರಲ್ಲಿ ಸರ್ಕಾರ ಮಣಿದು ದಡದ ಮೇಲೆ ಕೇಂದ್ರ ನಡೆಸಲು ಪರವಾನಗಿ ಕೊಟ್ಟಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಅಲೆಗಳ ಮೇಲೆ ಹೊಯ್ದಾಡಿ ಗಿಟ್ಟಿಸಿದ ಕಾಗದ ಅದು.

ಮುಂದೆ ಗಾಳಿ ಪೂರಾ ತಿರುಗಿತು. 1989ರ ರೇಡಿಯೊ ಸಂಪರ್ಕ ಕಾಯಿದೆ ರೇಡಿಯೊ ಅಲೆಗಳ ಬಳಕೆಯ ಹಕ್ಕನ್ನು ಕೊಳ್ಳುವ, ಮಾರುವ ಆಸ್ತಿಯನ್ನಾಗಿ ಮಾಡಿತು. ಅದನ್ನು ಅಷ್ಟು ಸ್ಪಷ್ಟವಾಗಿ ಕಾನೂನಿಗಿಳಿಸಿದ ಮೊದಲಿಗರು ಅವರೇ. ಹಂಚಿಕೆ ಟೆಂಡರ್ ಮೂಲಕ. ಮೊದಮೊದಲ ಟೆಂಡರುಗಳ ನಿಯಮ ವಿಚಿತ್ರವಾಗಿತ್ತು: ಅತಿ ಹೆಚ್ಚು ಕೂಗಿದವರು ಗೆಲ್ಲುತ್ತಾರೆ, ಆದರೆ ಕಟ್ಟುವುದು ಎರಡನೆಯವರು ಕೂಗಿದ ಮೊತ್ತ. ಪುಸ್ತಕದಲ್ಲಿ ಈ ವಿಧಾನ ಬಲು ಚೆಂದ. ಇಬ್ಬರೇ ಕೂಗಿದಲ್ಲಿ ಏನಾಗುತ್ತದೆಂದು ಮಾತ್ರ ಯಾರೂ ಯೋಚಿಸಿದಂತಿಲ್ಲ. 1,00,000 ಡಾಲರ್ ಕೂಗಿದ್ದ ಒಂದು ಕಂಪನಿ ಕಟ್ಟಿದ್ದು 6 ಡಾಲರ್. 70 ಲಕ್ಷ ಕೂಗಿದ್ದ ಇನ್ನೊಬ್ಬರ ಪಾಲಿಗೆ ಬಂದದ್ದು 5,000. ಒಂದು ಸಣ್ಣ ಊರಿನ ಟಿವಿ ಪರವಾನಗಿಗೆ ಒಟಾಗೊ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ 1 ಡಾಲರ್ ಕೂಗಿದ್ದ. ಬೇರೆ ಯಾರೂ ಕೂಗಲಿಲ್ಲವಾದ್ದರಿಂದ ಅದು ಅವನಿಗೆ ಪುಕ್ಕಟೆ ಸಿಕ್ಕಿತು. ಹರಾಜಿನ ಬಗ್ಗೆ ಪಾಠ ಮಾಡುವ ಅರ್ಥಶಾಸ್ತ್ರಜ್ಞರು ಇವತ್ತಿಗೂ ಈ ಕತೆ ಬಿಟ್ಟುಕೊಡುವುದಿಲ್ಲ. ಮುಂದೆ ನಿಯಮ ಬದಲಾಯಿತು, ಬೆಲೆಯೂ ಏರಿತು. ಈಗಿರುವ ದೊಡ್ಡ ಎಫ್‌ಎಂ ಪರವಾನಗಿಗಳು 2011ರಿಂದ 2031ರವರೆಗೆ 20 ವರ್ಷದ್ದು.

ಹಾಗಾದರೆ ಕೆಲವರು ಲಕ್ಷಗಟ್ಟಲೆ ಕೊಟ್ಟು ಕೊಂಡದ್ದನ್ನು ಪಕ್ಕದ ಬೀದಿಯವನಿಗೆ ಸರ್ಕಾರ ಬಿಟ್ಟಿ ಕೊಟ್ಟಿದೆಯೇ? ಇಲ್ಲ. ಪ್ರಸಾರ ಮಾಡುವುದಕ್ಕೆ ಬೇಕಾದ ಯಂತ್ರ ಅಂಗಡಿಯಲ್ಲಿ ಸಿಗುತ್ತದೆ. ಹರಾಜಿನಲ್ಲಿ ಗೆದ್ದ ಕಂಪನಿ ದುಡ್ಡು ಕೊಟ್ಟದ್ದು ಮಿಕ್ಕವರ ಮೌನಕ್ಕೆ: ಈ ಪ್ರದೇಶದಲ್ಲಿ, ಈ ಕಂಪನಾಂಕದಲ್ಲಿ ಬೇರಾರೂ ಬಾಯಿ ಬಿಡಕೂಡದು ಎಂಬ ಖಾತರಿಗೆ. ಒಂದು ವಾಟ್‌ನವರಿಗೆ ಆ ಖಾತರಿ ಇಲ್ಲ. ನಾಳೆ ಮೂರು ಬೀದಿಯಾಚೆ ಇನ್ನೊಬ್ಬರು ಅದೇ ಕಂಪನಾಂಕದಲ್ಲಿ ಕೇಂದ್ರ ತೆರೆದರೆ ಸರ್ಕಾರಕ್ಕೆ ದೂರು ಕೊಟ್ಟು ಎಬ್ಬಿಸುವ ಹಕ್ಕಿಲ್ಲ. ಕೂತು ಮಾತಾಡಿ ಹೊಂದಿಕೊಳ್ಳಬೇಕು. ಕಿರು ವಾಣಿಜ್ಯ ರೇಡಿಯೊದ ಲೈಸೆನ್ಸ್ ವಿಷಯದಲ್ಲಿ ಜನ ಮೊದಲು ಕೇಳುವುದು ಎಷ್ಟು ವಾಟ್ ಎಂದು. ನನ್ನ ಎಣಿಕೆಯಲ್ಲಿ ಅದು ಎರಡನೆಯ ಪ್ರಶ್ನೆ. ಬೇರೆಯವರನ್ನು ಹೊರಗಿಡುವ ಹಕ್ಕು ಪರವಾನಗಿಯ ಜೊತೆ ಬರುತ್ತದೆಯೇ ಎಂಬುದು ಮೊದಲನೆಯದು. ಆ ಹಕ್ಕು ಬಂದರೆ ಅದಕ್ಕೆ ಬೆಲೆ ಬರುತ್ತದೆ, ಬೆಲೆ ಬಂದರೆ ಹರಾಜು ಬರುತ್ತದೆ, ಹರಾಜಿನಲ್ಲಿ ಬೇಕರಿಯ ಜಾಹೀರಾತು ನಂಬಿಕೊಂಡವರು ಉಳಿಯುವುದಿಲ್ಲ.

ನ್ಯೂಜಿಲೆಂಡಿನ ಒಂದು ವಾಟ್‌ನವರಿಗೆ ಮೀಸಲಿಟ್ಟಿರುವುದು ಎಫ್‌ಎಂ ಪಟ್ಟಿಯ ಎರಡು ತುದಿಗಳ ಕಾವಲು ಜಾಗ: 87.6ರಿಂದ 88.3 ಮೆಗಾಹರ್ಟ್ಸ್, ಮತ್ತು 106.7ರಿಂದ 107.7. ನಡುವಿನ ದೊಡ್ಡ ಜಾಗವೆಲ್ಲ ದೊಡ್ಡವರದು. ಕೆಳತುದಿಯ ಪಟ್ಟಿ ಮೊದಲು 88.1ರಿಂದ 88.8ರವರೆಗೆ ಇತ್ತು. 2010ರ ಸುಮಾರಿಗೆ ದೊಡ್ಡ ಕೇಂದ್ರಗಳಿಗೆ ಜಾಗ ಮಾಡಿಕೊಡಲು ಇವರನ್ನು ಕೆಳಗೆ ಸರಿಸಿ, ಸಮಾಧಾನಕ್ಕೆಂಬಂತೆ ಅರ್ಧ ವಾಟ್ ಇದ್ದ ಮಿತಿಯನ್ನು 1 ವಾಟ್‌ಗೆ ಏರಿಸಿದರು. ಈ ಕೆಳತುದಿಗೆ ಅನಿರೀಕ್ಷಿತವಾದ ಒಂದು ಲಾಭವಿದೆ. ನ್ಯೂಜಿಲೆಂಡಿನ ರಸ್ತೆಗಳಲ್ಲಿ ಜಪಾನಿನಿಂದ ತರಿಸಿದ ಬಳಸಿದ ಕಾರುಗಳು ಬಹಳ. ಜಪಾನಿನ ಎಫ್‌ಎಂ ಪಟ್ಟಿ ಬಹುಕಾಲ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ ಇದ್ದುದರಿಂದ ಆ ಕಾರುಗಳ ರೇಡಿಯೊದಲ್ಲಿ, ಬೇರೆ ಉಪಕರಣ ಸೇರಿಸದೆ ಹೋದರೆ, 90ರ ಮೇಲಿನ ದೊಡ್ಡ ಕೇಂದ್ರಗಳು ಸಿಗುವುದೇ ಇಲ್ಲ. 87.6ರ ಪುಟ್ಟ ಕೇಂದ್ರ ಸಿಗುತ್ತದೆ!

ಮಿತಿಯಲ್ಲಿ ಹೇಳಿರುವ 1 ವಾಟ್ ಯಂತ್ರದ ವಾಟ್ ಅಲ್ಲ, ಇದನ್ನು ಗಮನಿಸಬೇಕು. ಆಂಟೆನಾ ಶಕ್ತಿಯನ್ನು ಒಂದು ದಿಕ್ಕಿಗೆ ಒಟ್ಟುಗೂಡಿಸಿ ಕಳಿಸುವುದನ್ನೂ ಲೆಕ್ಕಕ್ಕೆ ಹಿಡಿದು ಕಟ್ಟಿದ ಮಿತಿ ಅದು. ಎರಡು ಕಡ್ಡಿಗಳ ಸಾದಾ ಡೈಪೋಲ್ ಆಂಟೆನಾ ಕೂಡ ತನ್ನ ಪ್ರಬಲ ದಿಕ್ಕಿನಲ್ಲಿ ಶಕ್ತಿಯನ್ನು ಸುಮಾರು 1.64 ಪಟ್ಟು ಹೆಚ್ಚಿಸಿ ತೋರಿಸುತ್ತದೆ. ಹಾಗಾಗಿ ಅದಕ್ಕೆ ಯಂತ್ರದಿಂದ ಕೊಡಬೇಕಾದದ್ದು 0.6 ವಾಟ್ ಅಷ್ಟೆ. 88 ಮೆಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 3.4 ಮೀಟರ್, ಆದ್ದರಿಂದ ಈ ಡೈಪೋಲ್ ಕೊನೆಯಿಂದ ಕೊನೆಗೆ 1.7 ಮೀಟರ್ ಬರುತ್ತದೆ. ಇದನ್ನು ಎಷ್ಟು ಎತ್ತರಕ್ಕೆ ಏರಿಸುತ್ತೀರಿ ಎಂಬುದು ವಾಟ್‌ಗಿಂತ ಮುಖ್ಯ. ಎಫ್‌ಎಂ ಅಲೆಗಳು ಹೆಚ್ಚುಕಡಿಮೆ ನೇರ ಹೋಗುವಂಥವು, ಗುಡ್ಡ ಅಡ್ಡ ಬಂದರೆ ನಿಂತವು. ಬಯಲಲ್ಲಿ ಕೇಳುವ ದೂರ ಎರಡರಷ್ಟಾಗಬೇಕಾದರೆ ಶಕ್ತಿ ಕಡಿಮೆಯೆಂದರೂ ನಾಲ್ಕು ಪಟ್ಟು ಬೇಕು. ಅದೇ ಆಂಟೆನಾವನ್ನು ಅಂಗಡಿಯ ಮಾಡಿನಿಂದ ಊರಾಚೆಯ ದಿಬ್ಬಕ್ಕೆ ಸಾಗಿಸಿದರೆ ಬಿಡಿಗಾಸಿನ ಖರ್ಚಿಲ್ಲದೆ ಇಡೀ ಊರು ಸಿಗಬಹುದು. ಒಳ್ಳೆಯ ಜಾಗ ಸಿಕ್ಕವರಿಗೆ ಕೆಲವು ಕಿಲೋಮೀಟರ್, ಕೆಟ್ಟ ಜಾಗದವರಿಗೆ ಎರಡು ಬೀದಿ.

ಮಿಕ್ಕ ಷರತ್ತುಗಳು ಕಡಿಮೆ, ಆದರೆ ಯೋಚಿಸಿ ಇಟ್ಟವು. ಗಂಟೆಗೊಮ್ಮೆ ಕೇಂದ್ರದ ಹೆಸರನ್ನೂ ಸಂಪರ್ಕಿಸುವ ವಿವರವನ್ನೂ ಹೇಳಬೇಕು. ಯಾರಿಗಾದರೂ ತೊಂದರೆಯಾದರೆ ಹುಡುಕಿಕೊಂಡು ಬರಲು ದಾರಿ ಇರಬೇಕಲ್ಲ. ಒಂದೇ ಕಾರ್ಯಕ್ರಮವನ್ನು 25 ಕಿಲೋಮೀಟರ್ ವ್ಯಾಪ್ತಿಯೊಳಗೆ ಎರಡು ಕಡೆಯಿಂದ ಬಿತ್ತರಿಸುವಂತಿಲ್ಲ. ಈ ನಿಯಮ ಇರದಿದ್ದರೆ ದುಡ್ಡಿರುವ ಕಂಪನಿಯೊಂದು ಇಡೀ ನಗರದಲ್ಲಿ ಕಂಬಕ್ಕೊಂದರಂತೆ ಒಂದು ವಾಟ್‌ನ ಪೆಟ್ಟಿಗೆ ತೂಗುಹಾಕಿ ಬಿಟ್ಟಿಯಲ್ಲೇ ದೊಡ್ಡ ಕೇಂದ್ರವಾಗಿಬಿಡುತ್ತಿತ್ತು. ಇನ್ನು ಯಂತ್ರದ ಗುಣಮಟ್ಟ. ಎಫ್‌ಎಂ ಪಟ್ಟಿ ಮುಗಿಯುವ 108 ಮೆಗಾಹರ್ಟ್ಸ್‌ನಿಂದ ಆಚೆಗೆ ವಿಮಾನಗಳ ದಿಕ್ಸೂಚಿ ಸಂಕೇತಗಳು ಶುರುವಾಗುತ್ತವೆ, ಅದರಾಚೆ ಪೈಲಟ್‌ಗಳ ಮಾತುಕತೆ. ಅಗ್ಗದ ಟ್ರಾನ್ಸ್‌ಮಿಟರ್ ತನಗೆ ಹೇಳಿದ ಜಾಗದಲ್ಲಿ ಮಾತ್ರ ಕೂಗುವುದಿಲ್ಲ, ಅಕ್ಕಪಕ್ಕಕ್ಕೂ ಚೆಲ್ಲುತ್ತದೆ. ಈ ವಿಷಯದಲ್ಲಿ ಯಾವ ದೇಶವೂ ರಿಯಾಯಿತಿ ತೋರಿಸುವುದಿಲ್ಲ, ತೋರಿಸಲೂಬಾರದು.

ಕಂಪನಾಂಕ ಬಿಟ್ಟಿ ಎಂದ ಮಾತ್ರಕ್ಕೆ ಕೇಂದ್ರ ಬಿಟ್ಟಿಯಲ್ಲ. ಹಾಡು ಹಾಕಬೇಕಾದರೆ ಎರಡು ಹಕ್ಕುಗಳಿಗೆ ಬೇರೆ ಬೇರೆ ದುಡ್ಡು: ಹಾಡು ಕಟ್ಟಿದವರ ಪರವಾಗಿ ಒಂದು ಸಂಸ್ಥೆಗೆ, ಧ್ವನಿಮುದ್ರಣದ ಒಡೆಯರ ಪರವಾಗಿ ಇನ್ನೊಂದಕ್ಕೆ. ಪ್ರಸಾರದ ನೀತಿನಿಯಮಗಳೂ ದೊಡ್ಡವರಿಗೆ ಇರುವಂಥವೇ. ಕೇಳುಗರು ಮೊದಲು ಕೇಂದ್ರಕ್ಕೆ ದೂರು ಕೊಡಬೇಕು, ಉತ್ತರ ಒಪ್ಪಿಗೆಯಾಗದಿದ್ದರೆ ಪ್ರಸಾರ ಗುಣಮಟ್ಟ ಪ್ರಾಧಿಕಾರಕ್ಕೆ ಹೋಗಬಹುದು.

ಸಣ್ಣವರಿಗೆ ಗಾಳಿಯಲ್ಲಿ ಜಾಗ ಹೇಗೆ ಕೊಡಬೇಕೆಂಬ ಪ್ರಶ್ನೆಗೆ ಅಮೆರಿಕ ಬೇರೆ ಉತ್ತರ ಕೊಟ್ಟಿತು. ಅಲ್ಲಿ ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡಿನ ಸರ್ಕಾರಿ ವಸತಿ ಸಮುಚ್ಚಯದಲ್ಲಿ ಎಂಬಾನಾ ಕಂಟಾಕೊ ಎಂಬ ಅಂಧ ಹೋರಾಟಗಾರ 1987ರಲ್ಲಿ ಪರವಾನಗಿ ಇಲ್ಲದೆ ಒಂದು ವಾಟ್‌ನ ಕೇಂದ್ರ ತೆರೆದು, ಪೊಲೀಸರ ದಬ್ಬಾಳಿಕೆಯ ಕತೆಗಳನ್ನು ನೆರೆಹೊರೆಯವರಿಂದಲೇ ಹೇಳಿಸತೊಡಗಿದರು. ಬಿದ್ದ ದಂಡ 750 ಡಾಲರ್. ಅವರು ಅದಕ್ಕೆ ಜಗ್ಗಲಿಲ್ಲ, ಅಂಥ ಕೇಂದ್ರಗಳು ದೇಶದ ತುಂಬ ಹುಟ್ಟಿಕೊಂಡವು. ಒತ್ತಡ ಬೆಳೆದು 1999ರ ಜನವರಿಯಲ್ಲಿ ಫೆಡರಲ್ ಸಂಪರ್ಕ ಆಯೋಗ, ವಿಲಿಯಂ ಕೆನಾರ್ಡ್ ಅದರ ಅಧ್ಯಕ್ಷರಾಗಿದ್ದಾಗ, ಕಡಿಮೆ ಶಕ್ತಿಯ ಕೇಂದ್ರಗಳ ಪ್ರಸ್ತಾವವನ್ನು ಚರ್ಚೆಗೆ ಇಟ್ಟಿತು. ಅವುಗಳಿಗೆ ಜಾಹೀರಾತು ಬೇಕೇ ಎಂಬುದೂ ಅಲ್ಲಿ ಬಂತು. ಆದರೆ 2000ದ ಜನವರಿಯಲ್ಲಿ ನಿಯಮ ಹೊರಬಿದ್ದಾಗ ವಾಣಿಜ್ಯಕ್ಕೆ ಬಾಗಿಲು ಮುಚ್ಚಿತ್ತು. ಒಂದು ಮುಖ್ಯ ಕಾರಣ 1997ರ ಕಾನೂನು: ವಾಣಿಜ್ಯ ಕೇಂದ್ರದ ಒಂದೇ ಜಾಗಕ್ಕೆ ಇಬ್ಬರು ಅರ್ಜಿ ಹಾಕಿದರೆ ಹರಾಜು ಹಾಕಲೇಬೇಕು. ಲಾಭರಹಿತ ಕೇಂದ್ರವಾದರೆ ಹರಾಜಿಲ್ಲ. ಸಣ್ಣವರನ್ನು ಹರಾಜಿನಿಂದ ಉಳಿಸಲು ಅವರ ವ್ಯಾಪಾರವನ್ನೇ ಕಿತ್ತುಕೊಂಡರು. ಅಲ್ಲಿ 100 ವಾಟ್‌ವರೆಗೆ ಶಕ್ತಿ ಉಂಟು, ಸುಮಾರು 5.6 ಕಿಲೋಮೀಟರ್ ಸೇವಾವ್ಯಾಪ್ತಿ ಉಂಟು, ಹೆಸರಿಗೊಂದು ರಕ್ಷಣೆಯೂ ಉಂಟು. ನೆರವು ಕೊಟ್ಟ ಅಂಗಡಿಯ ಹೆಸರು ಹೇಳಬಹುದು. ಬೆಲೆ ಹೇಳಿದರೆ, ಬನ್ನಿ ಕೊಳ್ಳಿ ಎಂದರೆ ತಪ್ಪಾಯಿತು.

ಸಾಲದ್ದಕ್ಕೆ ದೊಡ್ಡ ಪ್ರಸಾರಕರ ಒತ್ತಾಯಕ್ಕೆ ಅಮೆರಿಕದ ಸಂಸತ್ತು 2000ದ ಕೊನೆಗೆ, ದೊಡ್ಡ ಕೇಂದ್ರದಿಂದ ಮೂರು ಮನೆ ಆಚೆಯ ಕಂಪನಾಂಕವನ್ನೂ ಸಣ್ಣವರು ಬಿಟ್ಟಿರಬೇಕೆಂದು ಕಾಯಿದೆ ಮಾಡಿತು. ಮಹಾನಗರಗಳಲ್ಲಿ ಅಷ್ಟು ಖಾಲಿ ಜಾಗ ಎಲ್ಲಿಂದ ಬರಬೇಕು? ಸಣ್ಣ ಕೇಂದ್ರಗಳಿಂದ ದೊಡ್ಡವರ ಪ್ರಸಾರಕ್ಕೆ ತೊಂದರೆಯಾಗುವುದು ನಿಜವೇ ಎಂದು ಪರೀಕ್ಷಿಸಿದ ಮೈಟರ್ ಸಂಸ್ಥೆ 2003ರಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ ಎಂದಿತು. ಕಾಯಿದೆ ಸರಿಹೋದದ್ದು 2011ರ ಜನವರಿಯಲ್ಲಿ.

ಭಾರತದ ದಾರಿ ಅಮೆರಿಕದ್ದಕ್ಕೆ ಹತ್ತಿರ. ಅಲೆಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ಕೊಟ್ಟರೂ ಊರಿನವರ ಕೈಗೆ ಅವು ಸಿಗುವುದು ತಡವಾಯಿತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಶುರುವಾದಾಗ ಸ್ವಯಂಸೇವಾ ಸಂಸ್ಥೆಗಳಿಗೆ ಪ್ರಸಾರದ ಲೈಸೆನ್ಸೇ ಇರಲಿಲ್ಲ. ಅವರು ಕೇಬಲ್ ತಂತಿ ಎಳೆದು ಮನೆಮನೆಗೆ ಧ್ವನಿ ಮುಟ್ಟಿಸಿದರು. ಕಾನೂನಿನ ಕಣ್ಣಲ್ಲಿ ಗಾಳಿ ಬೇರೆ, ತಂತಿ ಬೇರೆ. 2006ರ ಮಾರ್ಚಿನಲ್ಲಿ ಬಿಹಾರದ ಮನ್ಸೂರ್‌ಪುರದಲ್ಲಿ ರೇಡಿಯೊ ರಿಪೇರಿಯ ಅಂಗಡಿಯೊಂದರಿಂದ ಒಬ್ಬ ಯುವಕ ಅಗ್ಗದ ಯಂತ್ರದಲ್ಲಿ ನಡೆಸುತ್ತಿದ್ದ ಎಫ್‌ಎಂ ಕೇಂದ್ರವನ್ನು ಲೈಸೆನ್ಸ್ ಇಲ್ಲವೆಂದು ಮುಚ್ಚಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಸಮುದಾಯ ಬಾನುಲಿಯ ಹೊಸ ನೀತಿ ಬಂದು ಸಂಘಸಂಸ್ಥೆಗಳಿಗೆ 100 ವಾಟ್ ಪ್ರಸಾರಶಕ್ತಿಯ ಕೇಂದ್ರ ತೆರೆಯಲು ಅವಕಾಶವಾಯಿತು. ಜಾಹೀರಾತಿಗೆ ಗಂಟೆಗೆ 5 ನಿಮಿಷ ಎಂದಿದ್ದದ್ದು 7 ಆಗಿ, 2024ರ ಫೆಬ್ರವರಿಯಲ್ಲಿ 12 ಆಯಿತು. ಆಗಲೇ ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 74 ರೂಪಾಯಿ ಆಯಿತು. ಆ ದರದಲ್ಲಿ ಹನ್ನೆರಡೂ ನಿಮಿಷ ಸರ್ಕಾರವೇ ತುಂಬಿಸಿಕೊಟ್ಟರೆ ಗಂಟೆಗೆ 5,328 ರೂಪಾಯಿ ಬಂದೀತು, ಆದರೆ ಅಷ್ಟು ಜಾಹೀರಾತು ಯಾವ ಹಳ್ಳಿ ಕೇಂದ್ರಕ್ಕೂ ಬರುವುದಿಲ್ಲ.

ಜಾಹೀರಾತಿನ ಮಟ್ಟಿಗೆ ನಾವು ಅಮೆರಿಕಕ್ಕಿಂತ ಕೈ ಬಿಚ್ಚಿದವರೇ. ಆದರೆ ಅರ್ಜಿ ಹಾಕಲು ಶಿಕ್ಷಣ ಸಂಸ್ಥೆಯೋ ಕೃಷಿ ವಿಜ್ಞಾನ ಕೇಂದ್ರವೋ ಲಾಭರಹಿತ ನೋಂದಾಯಿತ ಸಂಸ್ಥೆಯೋ ಆಗಿರಬೇಕು. ಒಬ್ಬ ವ್ಯಕ್ತಿಯಾಗಿ, ಲಾಭಕ್ಕೆ ನಡೆಯುವ ಅಂಗಡಿಯಾಗಿ ಅರ್ಜಿ ಹಾಕುವಂತಿಲ್ಲ. ವಾಣಿಜ್ಯ ಎಫ್‌ಎಂ ಬೇಕೆಂದರೆ ಖಾಸಗಿ ಎಫ್‌ಎಂಗಾಗಿ ಸರ್ಕಾರ ರೂಪಿಸಿದ ಮೂರನೆಯ ಹಂತದ ನೀತಿಯ ಹರಾಜಿಗೆ ಇಳಿಯಬೇಕು. ಆ ಹರಾಜು ಮುಖ್ಯವಾಗಿ 1 ಲಕ್ಷ ದಾಟಿದ ಜನಸಂಖ್ಯೆಯ ಊರುಗಳದು, ಪರವಾನಗಿ 15 ವರ್ಷದ್ದು. ಗೆದ್ದ ಮೇಲೂ ಸ್ವಂತ ಸುದ್ದಿ ಓದುವ ಹಾಗಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದಹಾಗೆ ಹಾಕಬಹುದು. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಇನ್ನೂ 234 ಊರುಗಳ 730 ಚಾನೆಲ್‌ಗಳ ಹರಾಜಿಗೆ ಒಪ್ಪಿತು, ಅದರಲ್ಲಿ ಕರ್ನಾಟಕದ ಊರುಗಳೂ ಇದ್ದವು. ಸವದತ್ತಿ, ಮಧುಗಿರಿ, ಕುಂದಾಪುರದಂಥ ಪೇಟೆಗಳ ಅಳತೆಗೆ ಹೊಂದುವ ವಾಣಿಜ್ಯ ಪರವಾನಗಿ ಮಾತ್ರ ಸಮುದಾಯ ಬಾನುಲಿ, ಹರಾಜಿನ ಎಫ್‌ಎಂ ಇವೆರಡರ ನಡುವೆ ಎಲ್ಲೂ ಇಲ್ಲ. ಸಂತೆಯ ದರ, ಬಸ್ಸಿನ ಸಮಯ, ಬಟ್ಟೆ ಅಂಗಡಿಯ ರಿಯಾಯಿತಿ ಹೇಳಿ ಹೊಟ್ಟೆ ಹೊರೆಯುತ್ತೇನೆ ಎಂದು ಅಲ್ಲೊಬ್ಬರು ಹೊರಟರೆ, ಈಗಿರುವ ದಾರಿ ಧ್ವನಿವರ್ಧಕ ಕಟ್ಟಿದ ಆಟೊ, ಇಲ್ಲವೇ ಅಂತರ್ಜಾಲ.