ಸಂಗಡಿಗನ ಪಾಲಿನ ಉಸಿರು

ನವಲಗುಂದದ ಎರೆನೆಲದಲ್ಲಿ ಹುಟ್ಟಿ ಬೆಳೆದ ನನಗೆ ನೀರೆಂದರೆ ಕೊಡದಲ್ಲಿ ಹೊತ್ತು ತರುವ ಪದಾರ್ಥ. ಅದರೊಳಗೆ ಇಳಿದು ಕೂಡ್ರುವ ಪ್ರಸಂಗ ತರಗತಿಯಲ್ಲಿ ರನ್ನನ ಗದಾಯುದ್ಧ ಬಂದಾಗ ಮಾತ್ರ ಒದಗುತ್ತಿತ್ತು. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನ ಬಳಿ ಜಲಮಂತ್ರವಿತ್ತು. ಆ ಮಂತ್ರ ಅವನೊಬ್ಬನಿಗೆ ಮಾತ್ರ ಸಾಲುವಂಥದೆಂಬುದನ್ನು ಇಷ್ಟು ವರ್ಷ ಪಾಠ ಹೇಳಿಯೂ ನಾನು ಗಮನಿಸಿರಲಿಲ್ಲ.

ಕಳೆದ ಡಿಸೆಂಬರದಲ್ಲಿ ಅಣ್ಣನ ಮಗನ ಒತ್ತಾಯಕ್ಕೆ ಕಲಘಟಗಿ, ಯಲ್ಲಾಪುರಗಳನ್ನು ದಾಟಿ, ಅರಬೈಲ ಘಟ್ಟವಿಳಿದು ಮುರುಡೇಶ್ವರಕ್ಕೆ ಹೋದೆ. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ನಡುಗಡ್ಡೆ. ನನ್ನಂಥ ಹೊಸಬರನ್ನೂ ಕೈಹಿಡಿದು ಸಮುದ್ರಕ್ಕಿಳಿಸುವ ಶಿಕ್ಷಕರು ಅಲ್ಲಿದ್ದಾರೆ. ಬೆನ್ನಿಗೆ ಗಾಳಿಯ ಸಿಲಿಂಡರು, ಬಾಯಲ್ಲಿ ಕಚ್ಚಿಕೊಳ್ಳುವ ರಬ್ಬರು. ಸಿಲಿಂಡರಿನಲ್ಲಿ ಗಾಳಿಯ ಒತ್ತಡ ಹೊರಗಿನದಕ್ಕಿಂತ ಸುಮಾರು 200 ಪಟ್ಟು. ಅದನ್ನು ಎರಡು ಹಂತಗಳಲ್ಲಿ ತಗ್ಗಿಸಿ, ಸುತ್ತಲಿನ ನೀರಿನ ಒತ್ತಡಕ್ಕೆ ಹೊಂದಿಸಿ, ಬೇಕೆಂದಾಗ ಕೊಡುವ ಉಪಕರಣವೇ ರೆಗ್ಯುಲೇಟರು. 1943ರಲ್ಲಿ ಫ್ರಾನ್ಸಿನ ಝಾಕ್ ಕೂಸ್ತೋ ಮತ್ತು ಎಮಿಲ್ ಗಾನ್ಯಾನ್ ಮುಳುಗುಗಾರರಿಗಾಗಿ ಇದನ್ನು ಸಿದ್ಧಪಡಿಸಿದರು. ಮೊದಮೊದಲು ಒಬ್ಬನಿಗೆ ಒಂದೇ ಬಾಯಿ. ಸಂಗಡಿಗನ ಗಾಳಿ ತೀರಿದರೆ ಇಬ್ಬರೂ ಅದೊಂದನ್ನೇ ಸರದಿಯ ಮೇಲೆ ಕಚ್ಚಬೇಕಾಗುತ್ತಿತ್ತು. ಈಗ ಪ್ರತಿಯೊಬ್ಬನೂ ಉದ್ದ ಹಳದಿ ಕೊಳವೆಯ ಎರಡನೆಯದೊಂದನ್ನು ಎದೆಗೆ ಸಿಕ್ಕಿಸಿಕೊಂಡಿರುತ್ತಾನೆ.

ನಾಲ್ಕೈದು ಮೀಟರು ಇಳಿದಿದ್ದೆವು. ಮೀನುಗಳ ಮೇಳವನ್ನು ಕಂಡ ಸಂತೋಷಕ್ಕೆ ನಾನು ಬಾಯ್ತೆರೆದು ನಕ್ಕೆ. ರಬ್ಬರು ಜಾರಿತು; ಉಪ್ಪುನೀರು ನುಗ್ಗಿತು. ಶಿಕ್ಷಕ ತನ್ನ ಎದೆಯ ಮೇಲಿನ ಹಳದಿಯದನ್ನು ನನ್ನ ಬಾಯಿಗಿಟ್ಟು, ಗುಂಡಿಯೊತ್ತಿ ನೀರನ್ನು ಹೊರದೂಡಿದ. ಎಳೆದೆ, ಗಾಳಿ ಬಂದಿತು. ಅದು ಬೇರೊಬ್ಬನ ಪಾಲಿನದೆಂಬ ಅರಿವು ದೋಣಿ ಹತ್ತಿದ ಮೇಲೆಯೇ ನನಗಾದದ್ದು.

ಮುಂದೆ ಹುಡುಗ ಸ್ವಂತ ಸಲಕರಣೆ ಕೊಳ್ಳಲು ಹೊರಟ. ತನಗೆ ಬೆಲೆಯುಳ್ಳದ್ದು, ಹಳದಿಗೆ ತೀರ ಅಗ್ಗದ್ದು. “ಕಾಕಾ, ಅದು ನನ್ನ ಬಾಯಾಗ ಬರೂದ ಇಲ್ಲ” ಎಂದ.

ಅಗ್ಗದ್ದೆಲ್ಲ ಕೆಟ್ಟದ್ದಲ್ಲ. ಎರಡನೆಯದನ್ನು ಕೊಂಚ ಬಿಗಿಯಾಗಿಯೇ ಇಡುತ್ತಾರೆ. ಇಲ್ಲವಾದರೆ ಸೆಳವಿನಲ್ಲಿ ತಾನಾಗಿಯೇ ಗಾಳಿ ಸುರಿಸಿ ಸಿಲಿಂಡರನ್ನು ಬರಿದು ಮಾಡೀತು. ಆದರೆ 20 ಮೀಟರಿನ ಆಳದಲ್ಲಿ ಒತ್ತಡ ಮೂರು ಪಟ್ಟು, ಒಂದೊಂದು ಉಸಿರಿಗೂ ಮೂರು ಪಟ್ಟು ಗಾಳಿ. ಅಂಜಿದವನ ಉಸಿರೋ ಇನ್ನೂ ತೀವ್ರ. ಎಳೆದಷ್ಟು ಬಾರದೆಂದು ಕಂಡರೆ ಅವನು ಅದನ್ನು ಉಗುಳಿ, ಉಸಿರು ಬಿಗಿಹಿಡಿದು ಮೇಲಕ್ಕೆ ಧಾವಿಸುತ್ತಾನೆ. ಹಿಗ್ಗುವ ಗಾಳಿ ಪುಪ್ಪುಸವನ್ನೇ ಹರಿದೀತು. ದೋಣಿಯಲ್ಲಿ ಶಿಕ್ಷಕ ಹೇಳಿದ್ದ ಇನ್ನೊಂದು ಮಾತೂ ನೆನಪಾಯಿತು. ಕಂಗಾಲಾದವನು ಎಷ್ಟೋ ಸಲ ಹಳದಿಯನ್ನು ಹುಡುಕುವುದಿಲ್ಲ; ಎದುರಿನವನ ಬಾಯಲ್ಲಿದ್ದುದಕ್ಕೇ ಕೈಹಾಕುತ್ತಾನೆ. ನೀರೊಳಗಿನ ಗವಿಗಳನ್ನು ಹೊಗುವವರಂತೂ ಬಾಯಲ್ಲಿದ್ದುದನ್ನೇ ಕೊಡುವ ಪದ್ಧತಿಯಿಟ್ಟಿದ್ದಾರೆ. ಅದಕ್ಕೆಂದೇ ಅದರ ಕೊಳವೆ ಎರಡು ಮೀಟರು ಉದ್ದ, ಎರಡನೆಯದು ಕೊರಳಲ್ಲಿ.

“ಹಂಗಾದ್ರ ಅಗ್ಗದ್ದು ಯಾರ ಬಾಯಿಗೆ?” ಎಂದೆ. ಅವನು ಮಾತಾಡಲಿಲ್ಲ.

ಅಂಗಡಿಯಲ್ಲಿ ಒಂದೊಂದನ್ನೂ ತಿರುವಿ ನೋಡಿದೆವು. ತಲೆಕೆಳಗಾಗಿ ಕಚ್ಚಿದರೆ ಕೆಲವದರಲ್ಲಿ ಗಾಳಿಯ ಸಂಗಡ ನೀರೂ ಬರುತ್ತದೆಯಂತೆ. ನಡುಗುವ ಕೈ ಮೇಲುಕೆಳಗು ನೋಡೀತೆ? ಕೊನೆಗೆ ಹುಡುಗ ತನ್ನದರ ಜೋಡಿಯನ್ನೇ ಆರಿಸಿದ. ಬಿಡಿಭಾಗಗಳು ಒಂದೇ, ವರ್ಷಕ್ಕೊಮ್ಮೆ ಬಿಚ್ಚಿ ರಿಪೇರಿ ಮಾಡಿಸುವುದೂ ಒಟ್ಟಿಗೇ. ಅದಕ್ಕಾಗಿ ಹೊಸ ಕ್ಯಾಮರಾದ ಆಸೆಯನ್ನು ಬಿಡಬೇಕಾಯಿತು. ಎರಡು ದಿನ ಮುಖ ಬಿಗಿದುಕೊಂಡೇ ಇದ್ದ.

ಮೊನ್ನೆ ನೇತ್ರಾಣಿಯಿಂದ ಬಂದವನು ಉಪ್ಪು ತೊಳೆಯಲು ಮತ್ತೊಮ್ಮೆ ಸಿಹಿನೀರು ಕೇಳಿದ. ನಮ್ಮೂರಲ್ಲಿ ಅದು ಸಣ್ಣ ಬೇಡಿಕೆಯಲ್ಲ. ವೈನಿ ಒಂದು ಬಕೀಟು ತಂದಿಟ್ಟು, “ಹಳದೀದು ಯಾರೂ ಬಾಯಾಗ ಇಟ್ಟೇ ಇಲ್ಲಲ್ಲ, ಅದಕ್ಕೂ ಬೇಕೇನು?” ಎಂದರು. ಅದಕ್ಕೂ ಬೇಕು ಎಂದು ಹೇಳಿ, ಇನ್ನೊಂದು ಬಕೀಟನ್ನು ನಾನೇ ತರಲು ಹೋದೆ.