‘ಟ್ರೈನ್ ಟು ಬುಸಾನ್’: ತೆರೆಯದ ಬಾಗಿಲು

ಟಿವಿಯಲ್ಲಿ ಸರ್ಕಾರ ಹೇಳ್ತಿದೆ: ಇದು ಗಲಭೆ ಅಷ್ಟೇ, ಯಾರೂ ಗಾಬರಿಯಾಗಬೇಡಿ. ಅದೇ ಹೊತ್ತಿಗೆ ರೈಲಿನ ಬೋಗಿಯಲ್ಲಿ ಮನುಷ್ಯರೇ ಮನುಷ್ಯರನ್ನ ಕಚ್ಚುತ್ತಿದ್ದಾರೆ.

2016ರ ಕೊರಿಯನ್ ಸಿನಿಮಾ ‘ಟ್ರೈನ್ ಟು ಬುಸಾನ್’. ನಿರ್ದೇಶಕ ಯೊನ್ ಸಾಂಗ್-ಹೋ. ಆ ಟಿವಿ ಮಾತು ಕೊರಿಯಾದ ಜನಕ್ಕೆ ಹೊಸದಾಗಿರಲಿಲ್ಲ. 2014ರಲ್ಲಿ ಸೆವೊಲ್ ಹಡಗು ಮುಳುಗುವಾಗ ಪ್ರಯಾಣಿಕರಿಗೆ ಕೇಳಿಸಿದ್ದು, ‘ಇದ್ದಲ್ಲೇ ಇರಿ’ ಅನ್ನೋ ಸೂಚನೆ. 304 ಜೀವ ಹೋಯ್ತು. ಹೆಚ್ಚಿನವರು ಶಾಲಾ ಮಕ್ಕಳು! ಮರುವರ್ಷ ಮರ್ಸ್ ಕಾಯಿಲೆ ಹರಡಿದಾಗ, ಸೋಂಕು ಹಬ್ಬಿದ ಆಸ್ಪತ್ರೆಗಳ ಹೆಸರನ್ನೇ ಸರ್ಕಾರ ಮೊದಮೊದಲು ಹೇಳಲಿಲ್ಲ.

ಸಿನಿಮಾದಲ್ಲಿ ಸೈನ್ಯ ಕಾಯುತ್ತೆ ಅಂತ ನಂಬಿ ಜನ ಡೇಜಾನ್ ಸ್ಟೇಷನ್ನಲ್ಲಿ ಇಳೀತಾರೆ. ಎದುರಿಗೆ ಓಡಿ ಬರೋದು ಜಾಂಬಿಗಳಾಗಿರೋ ಸೈನಿಕರೇ.

ಮತ್ತೆ ರೈಲಿಗೇ ಓಡಿದವರು ಇನ್ನು ತಮ್ಮ ದಾರಿ ತಾವೇ ನೋಡ್ಕೋಬೇಕು. ಜಾಂಬಿ ತುಂಬಿದ ಬೋಗಿಗಳನ್ನ ದಾಟೋಕೆ ಮೂವರು ಗಂಡಸರು ತೋಳಿಗೆ ಟೇಪ್ ಸುತ್ಕೊಳ್ತಾರೆ. ಕತ್ತಲಲ್ಲಿ ಜಾಂಬಿಗಳಿಗೆ ಕಣ್ಣು ಕಾಣಲ್ಲ ಅಂತ ಗೊತ್ತಾಗುತ್ತೆ. ರೈಲು ಸುರಂಗಕ್ಕೆ ನುಗ್ಗಿದಾಗ ಸದ್ದಿಲ್ಲದೆ ಬೋಗಿ ದಾಟ್ತಾರೆ. ಕೊನೆಯ ಬಾಗಿಲು ತಲುಪಿದ್ರೆ, ಒಳಗಿರೋ ಆರೋಗ್ಯವಂತರೇ ಅದನ್ನ ತೆಗೆಯಲ್ಲ. ನನ್ನನ್ನ ನಿಜಕ್ಕೂ ನಡುಗಿಸಿದ್ದು ಜಾಂಬಿ ಅಲ್ಲ, ಈ ಬಾಗಿಲು. ಸರ್ಕಾರದ ಮೇಲಿನ ನಂಬಿಕೆ ಹೋದ ಮೇಲೆ ಪಕ್ಕದ ಸೀಟಿನವರ ಮೇಲಿನ ನಂಬಿಕೆಯೂ ಇಲ್ಲಿ ಹೋಗಿದೆ. ಆ ತಡಕ್ಕೆ ಮೂವರಲ್ಲೊಬ್ಬನಾದ ಸಾಂಗ್-ಹ್ವಾ ಬಲಿಯಾಗ್ತಾನೆ, ಗರ್ಭಿಣಿ ಹೆಂಡತಿಯ ಕಣ್ಣೆದುರೇ.

ಬಾಗಿಲು ತೆಗೆಯದವರಲ್ಲಿ ಒಬ್ಬರೂ ಬುಸಾನ್ ಸೇರಲ್ಲ.